ಷಡ್ಡಕನ ಡಾಲರು ಮತ್ತು ನನ್ನ ಕೋಳಿ ಅನ್ನ

ಹೊಟ್ಟೆಕಿಚ್ಚಿನ ವಿಷಯದಲ್ಲಿ ನಾನು ಬಹಳ ಮಿತವ್ಯಯಿ. ದೇಶದ ಕುಬೇರರು ಮಗಳ ಮದುವೆಗೆ ಊರಿಗೆ ಊರನ್ನೇ ಬಾಡಿಗೆ ಹಿಡಿದರೂ ನನಗೆ ಏನೂ ಅನ್ನಿಸುವುದಿಲ್ಲ. ನಮ್ಮ ಕಾಲೇಜಿನ ಪ್ರಾಚಾರ್ಯರು ಹೊಸ ಕಾರು ತಂದಾಗ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟವನು ನಾನೇ. ಇರುವ ಹೊಟ್ಟೆಕಿಚ್ಚನ್ನೆಲ್ಲ ಎಲ್ಲೂ ಪೋಲು ಮಾಡದೆ ಒಬ್ಬನಿಗಾಗಿ ಕೂಡಿಟ್ಟಿದ್ದೇನೆ. ಅವನು ವೀರೇಶ, ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ. ಅಣ್ಣತಮ್ಮಂದಿರಾದರೆ ಹೊಲಕ್ಕಾಗಿ ಜಗಳ ತೆಗೆಯಬಹುದು, ಕೋರ್ಟಿಗೆ ಹೋಗಬಹುದು. ಷಡ್ಡಕರಿಗೆ ಆ ಸೌಲಭ್ಯವಿಲ್ಲ. ಒಂದೇ ಮನೆಯ ಅಳಿಯಂದಿರಾದ ತಪ್ಪಿಗೆ ಜೀವನವಿಡೀ ಪಕ್ಕಪಕ್ಕದಲ್ಲಿ ಕೂತು ಉಣ್ಣಬೇಕು, ಯಾರ ತಟ್ಟೆಗೆ ಏನು ಬಿತ್ತೆಂದು ಓರೆಗಣ್ಣಿನಲ್ಲಿ ನೋಡಬೇಕು, ನೋಡಲೇ ಇಲ್ಲವೆಂಬಂತೆ ಸಾರು ಕಲಸಿಕೊಳ್ಳಬೇಕು.

ತಟ್ಟೆಯ ಮಾತು ಸುಮ್ಮನೆ ಬರಲಿಲ್ಲ. ನಮ್ಮ ಅತ್ತೆಯ ಮನೆ ಅಳವಂಡಿಯಲ್ಲಿ. ಅಲ್ಲಿ ಕೋಳಿ ಮಾಡಿದ ದಿನ ಲಿವರಿನ ತುಂಡು ಹಿರಿಯ ಅಳಿಯನದು ಎಂದು ಮೊದಲಿನಿಂದಲೂ ನಡೆದು ಬಂದಿದೆ. ಕೋಳಿಗೆ ಕಾಲು ಎರಡಿರುತ್ತವೆ, ಇಬ್ಬರನ್ನು ಸಮಾಧಾನ ಮಾಡಬಹುದು. ಲಿವರು ಒಂದೇ. ಅತ್ತೆ ಅದನ್ನು ಸೌಟಿನಲ್ಲಿ ಹುಡುಕಿ ತಂದು ನನ್ನ ತಟ್ಟೆಗೆ ಹಾಕುತ್ತಿದ್ದರು. ನಾನು ತಕ್ಷಣ ತಿನ್ನುತ್ತಿರಲಿಲ್ಲ. ಅಂಚಿಗೆ ಸರಿಸಿ, ವೀರೇಶನಿಗೆ ಚೆನ್ನಾಗಿ ಕಾಣುವಂತೆ ಇಟ್ಟುಕೊಂಡು, ಕೊನೆಗೆ ನಿಧಾನವಾಗಿ ತಿನ್ನುತ್ತಿದ್ದೆ. ಸರಕಾರ ನನಗೆ ಕೊಟ್ಟ ಯಾವ ಬಡ್ತಿಯೂ ಅಷ್ಟು ರುಚಿಯಾಗಿರಲಿಲ್ಲ.

ಹೀಗೆ ಸುಖವಾಗಿದ್ದ ನನ್ನ ಸಂಸಾರದೊಳಗೆ ಡಾಲರು ಬಂತು. ವೀರೇಶ ಗಂಗಾವತಿಯ ಒಂದು ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾನೆ. ಅವನು ಮೊಬೈಲಿನಲ್ಲಿ ಡಾಲರು ಕೊಂಡು ಮಾರುವುದನ್ನು ಕಲಿಯುತ್ತಿದ್ದಾನೆಂದು ಹೆಂಡತಿ ಗಿರಿಜಾ ಒಂದು ದಿನ ಸುದ್ದಿ ಹೇಳಿದಳು. ನಾನು ಕೊಪ್ಪಳದ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರದ ಉಪನ್ಯಾಸಕ. ವಿದೇಶಿ ವಿನಿಮಯದ ಪಾಠವನ್ನು ಪ್ರತಿ ವರ್ಷ ಮಾಡುತ್ತೇನೆ, ಪ್ರತಿ ವರ್ಷ ಹುಡುಗರು ಆ ಪಾಠಕ್ಕೇ ಮಲಗುತ್ತಾರೆ. ಡಾಲರು ಅಂದರೆ ಏನೆಂದು ಗಿರಿಜಾ ಇಷ್ಟು ವರ್ಷಗಳಲ್ಲಿ ನನ್ನನ್ನು ಕೇಳಿರಲಿಲ್ಲ. ಈಗ ಅಳವಂಡಿಯ ಅಂಗಳದಲ್ಲಿ ವೀರೇಶನನ್ನು ಕೂಡಿಸಿಕೊಂಡು ಅಕ್ಕ, ತಂಗಿ, ಅತ್ತೆ ಮೂವರೂ ಕೇಳಿದರು. ಅವನು ಅಷ್ಟೊತ್ತಿಗೆ ಅಂಗಳದ ಒಲೆಯ ಮೇಲೆ ಕೋಳಿ, ಅಕ್ಕಿ, ಮಸಾಲೆ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಮುಚ್ಚಿ ಕೂತಿದ್ದ. ಮಿಲ್ಲಿನ ಹಮಾಲರು ಮಧ್ಯಾಹ್ನ ಹಾಗೆ ಮಾಡಿಕೊಳ್ಳುವುದನ್ನು ನೋಡಿ ಕಲಿತನಂತೆ.

"ಡಾಲರ್ ಅಂದ್ರ ಏನೂ ಇಲ್ರಿ ಅತ್ತಿ, ಈ ಒಲಿ ಮ್ಯಾಲಿನ ಪಾತ್ರಿ ಇದ್ದಂಗ," ಎಂದ. "ಏರತೈತಿ ಅನಸಿದ್ರ ತಗೋಬೇಕು. ತಳ ಹತ್ತೂ ವಾಸನಿ ಬಂತಂದ್ರ ಅರ್ಧಾ ಬೆಂದಿದ್ರೂ ಇಳಿಸಿಬಿಡಬೇಕು. ಗಳಿಗಿಗೊಮ್ಮೆ ಮುಚ್ಚಳ ತಗದು ನೋಡಾಂವಗ ಎರಡೂ ದಕ್ಕಂಗಿಲ್ರಿ."

ನಾನು ಕಪ್ಪು ಹಲಗೆಯ ತುಂಬ ಎರಡು ಗೆರೆ ಎಳೆದು, ಬೇಡಿಕೆ ಪೂರೈಕೆ ಎಂದು ಒಂದು ವಾರ ಕೂಗಿದರೂ ಆಗದ ಕೆಲಸ ಅದು. ಅತ್ತೆಗೆ ಅರ್ಥವಾಯಿತು. ಅವನು ಮೊಬೈಲು ತೆರೆದು ತೋರಿಸಿದ ಲಾಭದ ಹಸಿರು ಅಂಕಿಗಳನ್ನು ಅವರು ಕನ್ನಡಕ ಹಾಕಿಕೊಂಡು ನೋಡಿದರು. ಆಮೇಲೆ ಅವನೇ ಬಡಿಸಲು ನಿಂತ. ಕಾಳು ಕಾಳಾಗಿ ಬಿಡಿಬಿಡಿಯಾದ ಅನ್ನ, ಘಮ್ಮೆನ್ನುವ ಕೋಳಿ. ನಾನು ಅಭ್ಯಾಸದಂತೆ ತಟ್ಟೆಯ ಅಂಚನ್ನು ಖಾಲಿ ಮಾಡಿಕೊಂಡು ಕಾದೆ. ಅವನು ಲಿವರಿನ ತುಂಡನ್ನು ಹುಡುಕಿ ತೆಗೆದು ಅತ್ತೆಯ ತಟ್ಟೆಗೆ ಹಾಕಿಬಿಟ್ಟ. "ನೀವ ಯಾವತ್ತೂ ತಿಂದಿಲ್ಲಲ್ರಿ," ಅಂದ. ಅತ್ತೆಯ ಕಣ್ಣು ತುಂಬಿ ಬಂತು. ತಾನೇ ತಿಂದಿದ್ದರೆ ಅವನನ್ನು ಬೈಯಬಹುದಿತ್ತು. ಅತ್ತೆಗೆ ಹಾಕಿದವನನ್ನು ಏನೆಂದು ಬೈಯುವುದು? ಬಸ್ಸಿನಲ್ಲಿ ಕೊಪ್ಪಳದ ತನಕ ಗಿರಿಜಾ ಅವನ ಗುಣಗಾನ ಮಾಡಿದಳು. ನಾನು ಕಿಟಕಿಯ ಕಡೆ ತಿರುಗಿ ಹೊಲ ನೋಡುತ್ತಿದ್ದೆ. ಹೊಲವೂ ಹಸಿರಾಗಿಯೇ ಇತ್ತು, ಅದನ್ನು ಕಂಡರೂ ಸಿಟ್ಟು ಬಂತು.

ಅತ್ತೆಯ ಮನಸ್ಸಿನಲ್ಲಿ ನನ್ನ ಜಾಗ ನನಗೆ ವಾಪಸು ಬೇಕಿತ್ತು. ಮೊದಲು ಡಾಲರಿಗೇ ಕೈ ಹಾಕಿದೆ. ಪರೀಕ್ಷೆಯ ಉತ್ತರಪತ್ರಿಕೆ ತಿದ್ದಿದ್ದಕ್ಕೆ ಬಂದ ಭತ್ಯೆಯನ್ನು ಗಿರಿಜಾಗೆ ತಿಳಿಯದಂತೆ ಹಾಕಿ ಡಾಲರು ಕೊಂಡೆ. ನಾನು ಕೊಂಡದ್ದು ಡಾಲರಿಗೇ ಗೊತ್ತಾಯಿತೋ ಏನೋ, ಅದು ಇಳಿಯತೊಡಗಿತು. ಇಳಿದಾಗ ಮಾರಿ ಕೈ ತೊಳೆದುಕೊಳ್ಳಬೇಕು ಎಂದು ನನ್ನದೇ ಟಿಪ್ಪಣಿಯಲ್ಲಿ ಬರೆದಿದ್ದೇನೆ. ಆದರೆ ಮಾರಿದರೆ ವೀರೇಶನ ಮುಂದೆ ಸೋತಂತಲ್ಲವೇ? ಹಲಗೆಯ ಕಡೆ ತಿರುಗಿದಾಗೊಮ್ಮೆ ಕಿಸೆಯಿಂದ ಮೊಬೈಲು ತೆಗೆದು ನೋಡುತ್ತಿದ್ದೆ. ನಾನು ನೋಡಿದಷ್ಟೂ ಅದು ಇಳಿಯಿತು. ಭತ್ಯೆ ಕರಗುವ ಹೊತ್ತಿಗೆ ತಡೆಯಲಾರದೆ ವೀರೇಶನಿಗೆ ಫೋನು ಮಾಡಿ, ಕಾಲೇಜಿನ ಹುಡುಗರಿಗೆ ಹೇಳಲಿಕ್ಕೆ ಬೇಕಾಗಿದೆ ಎಂದು ನೆಪ ಹೇಳಿ, ಇಂಥ ಹೊತ್ತಿನಲ್ಲಿ ನೀನು ಏನು ಮಾಡುತ್ತೀ ಎಂದು ಕೇಳಿದೆ.

"ನನ್ನವು ಖರೇ ರೊಕ್ಕ ಅಲ್ರಿ ಅಣ್ಣಾರ," ಎಂದು ಅವನು ನಕ್ಕ. "ಕಲಿಯೋರಿಗೆ ಆಟದ ರೊಕ್ಕ ಕೊಡ್ತಾರ್ರಿ. ನಾ ಇನ್ನೂ ಅದರಾಗ ಕಲಿಯಾಕತ್ತೀನಿ. ಅವತ್ತ ಎಲ್ಲಾರ್ಗೂ ಹೇಳಿದ್ನಲ್ರಿ?"

ಹೇಳಿದ್ದನಂತೆ. ಗಿರಿಜಾಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ಆ ಹೊತ್ತಿಗೆ ನಾನು ಹೊಟ್ಟೆ ಉರಿದುಕೊಳ್ಳುವುದರಲ್ಲಿ ಮುಳುಗಿದ್ದೆನಾದ್ದರಿಂದ ಕಿವಿಗೆ ಬಿದ್ದಿರಲಿಲ್ಲ. ಅವನ ಆಟದ ಲಾಭಕ್ಕೆ ನಾನು ನಿಜವಾದ ನಷ್ಟ ಮಾಡಿಕೊಂಡಿದ್ದೆ. ಅವನು ಶ್ರೀಮಂತನಾಗಿಲ್ಲವೆಂದು ತಿಳಿದ ಮೇಲಾದರೂ ಹೊಟ್ಟೆ ತಣ್ಣಗಾಗಬೇಕಿತ್ತು. ಇವನು ಕಳೆದುಕೊಳ್ಳದೇ ಕಲಿಯುತ್ತಿದ್ದಾನಲ್ಲ ಎಂದು ಮತ್ತಷ್ಟು ಉರಿಯಿತು.

ಉಳಿದದ್ದು ಕೋಳಿ. ಒಂದು ಭಾನುವಾರ ಅತ್ತೆಯನ್ನೂ ವೀರೇಶನ ಸಂಸಾರವನ್ನೂ ನಮ್ಮ ಮನೆಗೆ ಊಟಕ್ಕೆ ಕರೆದೆ. ಅಡುಗೆ ನನ್ನದೇ ಎಂದು ಘೋಷಿಸಿದೆ. ಅದೇ ಒಂದೇ ಪಾತ್ರೆಯ ಅಡುಗೆ ಮಾಡಿ, ಲಿವರಿನ ತುಂಡನ್ನು ಎಲ್ಲರೆದುರಿಗೆ ನಾನೇ ಅತ್ತೆಯ ತಟ್ಟೆಗೆ ಬಡಿಸಬೇಕು ಎಂಬುದು ನನ್ನ ಯೋಜನೆ. ದೇವರ ಜಗಲಿ ಇರುವ ಅಡುಗೆಮನೆಗೆ ಗಿರಿಜಾ ಕೋಳಿಯನ್ನು ಸೇರಿಸುವುದಿಲ್ಲ. ಅದಕ್ಕೇ ಇಟ್ಟಿರುವ ಬೇರೆ ಪಾತ್ರೆಯನ್ನು ಹಿತ್ತಲಲ್ಲಿ ಒಲೆಯ ಮೇಲೆ ಏರಿಸಿಕೊಟ್ಟು, ಅವಳು ಅತ್ತೆಯನ್ನು ಕರೆತರಲು ಬಸ್ ನಿಲ್ದಾಣಕ್ಕೆ ಹೋದಳು. ಮನೆಯಲ್ಲಿ ಎರಡು ಚೀಲ ಅಕ್ಕಿ ಇದ್ದವು. ಒಂದು ಹೋದ ವರ್ಷದ್ದು, ಇನ್ನೊಂದು ವೀರೇಶ ಮೊನ್ನೆಯಷ್ಟೇ ಮಿಲ್ಲಿನಿಂದ ತಂದುಕೊಟ್ಟ ಹೊಸ ಅಕ್ಕಿ. ನಾನು ಯಲಬುರ್ಗಾ ಕಡೆಯ ಜೋಳದ ರೊಟ್ಟಿಯ ಮನುಷ್ಯ, ಅಕ್ಕಿಯ ಮರ್ಮ ತಿಳಿಯದವನು. ನೆಂಟರಿಗೆ ಹಳೆಯದನ್ನು ಹಾಕುವುದು ಮರ್ಯಾದೆಯೇ ಎಂದು ಹೊಸ ಚೀಲದ ಬಾಯಿ ಬಿಚ್ಚಿದೆ. ನೀರು ಮಾತ್ರ ಗಿರಿಜಾ ದಿನವೂ ಹಳೆಯ ಅಕ್ಕಿಗೆ ಹಾಕುವ ಅಳತೆಯಲ್ಲೇ ಹಾಕಿದೆ. ಆಮೇಲೆ ಕೂತುಕೊಳ್ಳಲಾಗಲಿಲ್ಲ. ಮುಚ್ಚಳ ತೆಗೆದೆ, ಮುಚ್ಚಿದೆ, ಮತ್ತೆ ತೆಗೆದೆ. ಸೌಟು ಆಡಿಸಿದೆ. ಉಪ್ಪು ಖಾರ ಹಿಡಿದಿದೆಯೋ ಇಲ್ಲವೋ ಎಂದು ಸೌಟಿಗೆ ಸಿಕ್ಕ ಒಂದು ಸಣ್ಣ ಮೆತ್ತನೆಯ ತುಂಡನ್ನು ಬಾಯಿಗೆ ಹಾಕಿಕೊಂಡೆ. ಚೆನ್ನಾಗಿ ಹಿಡಿದಿತ್ತು.

ಎಲ್ಲರೂ ಬಂದು ಸಾಲಾಗಿ ಕೂತರು. ಮುಚ್ಚಳ ತೆಗೆದ ಗಿರಿಜಾ ಸೌಟನ್ನು ಎತ್ತಿ ಹಿಡಿದಳು. ಅನ್ನ ಸೌಟಿನಿಂದ ಬೀಳದೆ ಅಲ್ಲೇ ಅಂಟಿಕೊಂಡು ಜೋತಾಡಿತು.

"ಹೊಸ ಅಕ್ಕಿಗೆ ಇಷ್ಟ ನೀರ ಹಾಕ್ತಾರೇನ್ರಿ?" ಎಂದಳು. "ಗಂಗಾವತ್ಯಾಗ ಸಣ್ಣ ಹುಡುಗ್ರಿಗೂ ಗೊತ್ತದ ಇದು."

ವೀರೇಶ ಏನಾದರೂ ಅನ್ನಲಿ ಎಂದು ಕಾದೆ. ಅವನು ಆ ಮುದ್ದೆಯನ್ನು ಹಾಕಿಸಿಕೊಂಡು ಉಂಡು, ಇನ್ನಷ್ಟು ಹಾಕಿ ಎಂದು ತಟ್ಟೆ ಒಡ್ಡಿದ. ಅದು ನನಗೆ ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚಿತು. ಇರಲಿ, ನನ್ನ ಹತ್ತಿರ ಇನ್ನೂ ಲಿವರು ಇತ್ತಲ್ಲ. ಅತ್ತೆಗೆ ನಾನೇ ಬಡಿಸುತ್ತೇನೆಂದು ಸೌಟು ತೆಗೆದುಕೊಂಡು, ಈ ಮನೆಯಲ್ಲಿ ಇನ್ನು ಮುಂದೆ ಲಿವರು ಯಾರದು ಎಂಬ ಬಗ್ಗೆ ಎರಡು ಒಳ್ಳೆಯ ಮಾತನ್ನೂ ಹೇಳಿದೆ. ಅತ್ತೆ ತಟ್ಟೆಯ ಅಂಚನ್ನು ಖಾಲಿ ಮಾಡಿಕೊಂಡು ಕೂತರು. ಪಾತ್ರೆಯಲ್ಲಿ ಹುಡುಕಿದೆ. ತಳದವರೆಗೂ ಹುಡುಕಿದೆ. ಹುಡುಕುತ್ತಿರುವಾಗಲೇ ಹಿತ್ತಲಲ್ಲಿ ಉಪ್ಪು ನೋಡಿದ ಆ ಮೆತ್ತನೆಯ ತುಂಡಿನ ರುಚಿ ನಾಲಿಗೆಗೆ ನೆನಪಾಯಿತು. ಸೌಟು ನಿಂತಿತು. ಗಿರಿಜಾ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಅರ್ಥವಾಗಿತ್ತು, ಬಾಯಿ ತೆರೆಯುವುದೊಂದೇ ಬಾಕಿ.

ಅಷ್ಟರಲ್ಲಿ ವೀರೇಶ ತಟ್ಟೆಯಿಂದ ತಲೆಯೆತ್ತದೇ ಹೇಳಿದ: "ಇತ್ತಿತ್ಲಾಗ ಅಂಗಡ್ಯಾಗ ಲಿವರ್ ಬ್ಯಾರೆ ತಗದ ಮಾರ್ತಾರ್ರಿ ಅತ್ತಿ. ಕೋಳಿ ಜೋಡಿ ಕೊಡಂಗಿಲ್ರಿ. ಅಣ್ಣಾರದೇನ ತಪ್ಪು?"

ಅತ್ತೆ ಹೌದೆಂದು ತಲೆಯಾಡಿಸಿದರು. ಕಾಲವೇ ಕೆಟ್ಟಿತೆಂದು ಬೇಸರಪಟ್ಟು, ಪಾಪ ಅಳಿಯ ಇಷ್ಟು ಕಷ್ಟಪಟ್ಟಿದ್ದಾರೆ ಎಂದು ನನ್ನ ಬೆನ್ನು ಸವರಿದರು. ನನ್ನ ಮರ್ಯಾದೆ ಉಳಿದಿತ್ತು. ವೀರೇಶನ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳಬೇಕಾದ ಹೊತ್ತು ಅದು. ನಾನು ಮಾತ್ರ ಸೌಟು ಹಿಡಿದು ನಿಂತಲ್ಲೇ ಕುದಿಯುತ್ತಿದ್ದೆ. ಅಷ್ಟು ಚೆನ್ನಾದ ಸುಳ್ಳು ಹಿರಿಯ ಅಳಿಯನಾದ ನನಗೆ ಹೊಳೆಯದೆ, ಅದೂ ಇವನಿಗೇ ಏಕೆ ಹೊಳೆಯಿತು?