ಹೊಟ್ಟೆಯಿಲ್ಲದ ಹಾಡು

"ಹಾಡು ಚೆನ್ನಾಗಿದೆ ಅಣ್ಣ. ಆದ್ರೆ ಹೊಟ್ಟೆ ಇಲ್ಲ."

ಉಶ್ ಸಾರ್ ಅವರ ಷಡ್ಡಕ ಇಷ್ಟು ಹೇಳಿ, ಕಾಫಿ ಲೋಟ ಕೆಳಗಿಟ್ಟು, ಕಾರು ಹತ್ತಿ ಹೋಗಿ ಮೂರು ವಾರವಾಗಿತ್ತು. ಆ ಮಾತು ಮಾತ್ರ ಇನ್ನೂ ಮನೆ ಬಿಟ್ಟು ಹೋಗಿರಲಿಲ್ಲ.

ಉಶ್ ಸಾರ್ ಎಂಬ ಹೆಸರು ಅವರಿಗೆ ಬಂದದ್ದು ಗ್ರಂಥಾಲಯದಲ್ಲಿ. ಇಪ್ಪತ್ತೆರಡು ವರ್ಷಗಳಿಂದ ಅಲ್ಲಿ ಅವರು ಮಾಡುತ್ತಿದ್ದ ಮುಖ್ಯ ಕೆಲಸವೆಂದರೆ ತುಟಿಯ ಮೇಲೆ ಬೆರಳಿಟ್ಟು "ಉಶ್" ಅನ್ನುವುದು. ದಿನವಿಡೀ ಸದ್ದಡಗಿಸಿ ಬಂದ ಮನುಷ್ಯನಿಗೆ ಮನೆಯಲ್ಲಾದರೂ ಎದೆ ನಡುಗುವಂಥ ಸದ್ದು ಬೇಕೆನ್ನಿಸಿದರೆ ಅದು ತಪ್ಪಲ್ಲ. ಗ್ರಂಥಾಲಯದ ಸಭಾಂಗಣದ ಹಳೆಯ ಆಂಪ್ಲಿಫೈಯರ್ ಹರಾಜಾದಾಗ ಗುಜರಿ ಬೆಲೆಗೆ ಅದನ್ನು ಹೊತ್ತು ತಂದು ಕೋಣೆಯ ಮೂಲೆಯಲ್ಲಿಟ್ಟಿದ್ದರು. ಜೊತೆಗೆ ಅಂಗೈಯಗಲದ ಎರಡು ಸ್ಪೀಕರು. ಹಾಡು ಬರುತ್ತಿತ್ತು, ಆದರೆ ಶೀತವಾದ ನೊಣ ಹಾಡಿದ ಹಾಗೆ. ಷಡ್ಡಕ ಹೇಳಿದ್ದು ನಿಜವಾಗಿತ್ತು, ಅದಕ್ಕೇ ಅಷ್ಟು ಉರಿ.

ಷಡ್ಡಕನ ಮನೆಯಲ್ಲಿ ಹಾಡಿನ ತಗ್ಗು ದನಿಯನ್ನು, ಅಂದರೆ ಬೇಸನ್ನು, ಗುಡುಗಿಸುವ ಟ್ರಂಕಿನಷ್ಟು ದೊಡ್ಡ ಸಬ್‌ವೂಫರ್ ಇತ್ತು. ನಿನ್ನ ಖರ್ಚಿನ ಹತ್ತರಲ್ಲೊಂದು ಪಾಲಿನಲ್ಲಿ ಅದೇ ಗುಡುಗನ್ನು ತರಿಸುತ್ತೇನೆ ನೋಡು ಎಂದು ಉಶ್ ಸಾರ್ ಅವತ್ತೇ ಅಂದುಬಿಟ್ಟಿದ್ದರು. ಲೋಕದ ಬಾಯಿ ಮುಚ್ಚಿಸುವವರಿಗೆ ತಮ್ಮ ಬಾಯಿ ಮುಚ್ಚಿಕೊಳ್ಳುವ ಅಭ್ಯಾಸ ಇರುವುದಿಲ್ಲ. ಸರಿ, ಮೂರು ವಾರ ಬಿಟ್ಟು ಭಾನುವಾರ ಸಂಜೆ ಐದಕ್ಕೆ ಬಂದು ಕೇಳುತ್ತೇನೆ ಎಂದು ಷಡ್ಡಕನೂ ಒಪ್ಪಿಕೊಂಡಿದ್ದ.

ಆ ಹತ್ತರಲ್ಲೊಂದು ಪಾಲಾದರೂ ಎಲ್ಲಿಂದ ಬರಬೇಕು? ಮನೆಗೊಂದು ಕಪಾಟು ಕೊಳ್ಳಲೆಂದು ಹೆಂಡತಿ ಕೂಡಿಟ್ಟದ್ದಿತ್ತು. ಕೇಳಿದಾಗ ಆಕೆ ಮೊದಲು, ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂ ಅಂದಳು. ಆಮೇಲೆ ಕೊಟ್ಟಳು, ಒಂದು ಷರತ್ತಿನ ಮೇಲೆ.

"ಭಾನುವಾರ ನನ್ನ ತಂಗಿ ಗಂಡನ ಎದುರಿಗೆ ಅದು ಗುಡುಗಬೇಕು ರೀ. ಗುಡುಗಲಿಲ್ವಾ, ಆಂಪ್ಲಿ, ಸ್ಪೀಕರು, ನೀವು ಕಟ್ಟೋ ಡಬ್ಬ ಎಲ್ಲಾ ಅವತ್ತೇ ಆಚೆ. ಆ ಮೂಲೇಲಿ ನನ್ನ ಕಪಾಟು ಬರುತ್ತೆ."

ಉಶ್ ಸಾರ್ ಪುಸ್ತಕದ ಮನುಷ್ಯ. ಈ ವಿಷಯದ ಮೇಲೆ ಗ್ರಂಥಾಲಯದಲ್ಲಿದ್ದದ್ದು ಒಂದೇ ಪುಸ್ತಕ, ಹತ್ತು ಅಧ್ಯಾಯ. ಮೂರು ವಾರ ಕೂತು ಒಂಬತ್ತು ಅಧ್ಯಾಯ ಓದಿ ಟಿಪ್ಪಣಿ ಮಾಡಿಕೊಂಡರು. ಶನಿವಾರ ಪುಸ್ತಕದ ಗಡುವು ಮುಗಿಯಿತು, ಅದೇ ದಿನ ಯಾರೋ ಅದನ್ನು ಕಾಯ್ದಿರಿಸಿದ ಚೀಟಿಯೂ ಬಂತು. ಕಾಯ್ದಿರಿಸಿದ ಪುಸ್ತಕದ ಅವಧಿಯನ್ನು ಯಾರಿಗೂ ವಿಸ್ತರಿಸಲಾಗದು ಎಂಬ ನಿಯಮವನ್ನು ಸ್ವತಃ ಉಶ್ ಸಾರ್ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು. ಚೀಟಿಯಲ್ಲಿ ಹೆಸರಿರಲಿಲ್ಲ, ಸದಸ್ಯ ಸಂಖ್ಯೆ ಮಾತ್ರ. ಅದನ್ನು ರಾಶಿಯ ಅಡಿಗೆ ತಳ್ಳಿದ್ದರೆ ಕೇಳುವವರಿರಲಿಲ್ಲ. ಆದರೆ ಇಪ್ಪತ್ತೆರಡು ವರ್ಷದ ಪ್ರಾಮಾಣಿಕತೆ ಆ ಹೊತ್ತಿಗೇ ಸೆಟೆದು ನಿಂತಿತು. ತಮ್ಮ ಕಾರ್ಡಿಗೆ ತಾವೇ ಮುದ್ರೆ ಒತ್ತಿ, ಪುಸ್ತಕವನ್ನು ಕಾಯ್ದಿರಿಸಿದ ಸಾಲಿನಲ್ಲಿಟ್ಟರು. ಉಳಿದದ್ದು ಒಂದು ಅಧ್ಯಾಯ, ಅದರಲ್ಲಿ ಇನ್ನೇನು ಮಹಾ ಇದ್ದೀತು ಎಂದು ಸಮಾಧಾನ ಮಾಡಿಕೊಂಡರು.

ವೂಫರುಗಳು, ಅಂದರೆ ಬೇಸ್ ನುಡಿಸುವ ದೊಡ್ಡ ಸ್ಪೀಕರುಗಳು, ಸಿಕ್ಕಿದ್ದು ಕಾರು ರಿಪೇರಿ ಶೆಡ್ಡಿನಲ್ಲಿ, ಅಪಘಾತವಾದ ಕಾರಿನ ಹಿಂಬದಿಯಿಂದ ಬಿಚ್ಚಿದ ಜೋಡಿ. ಅವನ್ನು ಕೂರಿಸುವ ಡಬ್ಬಕ್ಕೆ ಗ್ರಂಥಾಲಯದಿಂದ ಆಚೆ ಹಾಕಿದ್ದ, ಪುಸ್ತಕಪಟ್ಟಿಯ ಹಳೆಯ ಕಾರ್ಡುಗಳ ಬೀರು ಒದಗಿತು. ಅದನ್ನು ಎರಡಾಗಿ ಕೊಯ್ದು, ಮುಂದೆ ಹಲಗೆ ಬಡಿದು, ತೂತು ಕೊರೆದರು. ಅಕ್ಷರ ಕೊರೆದ ಹಿತ್ತಾಳೆಯ ಚೀಟಿಗಳು ಮಾತ್ರ ಹಾಗೇ ಉಳಿದವು. ಒಂದು ಡಬ್ಬದ ಮೇಲೆ 'ಅ–ನ', ಇನ್ನೊಂದರ ಮೇಲೆ 'ಪ–ಳ'.

ಭಾನುವಾರ ಬೆಳಿಗ್ಗೆ ಅವಸರದಲ್ಲಿ ಎರಡನ್ನೂ ಮೂಲೆಯಲ್ಲಿಟ್ಟು, ತಂತಿಗಳನ್ನು ಅಕ್ಕಪಕ್ಕ ಜೋಡಿಸಿ ಸ್ವಿಚ್ಚು ಒತ್ತಿದರು. ಆಂಪ್ಲಿ ಕೆಂಪು ದೀಪ ತೋರಿಸಿ ಬಾಯಿ ಮುಚ್ಚಿಕೊಂಡಿತು. ಆಗ ಆರನೆಯ ಅಧ್ಯಾಯ ನೆನಪಾಯಿತು. ಆಂಪ್ಲಿಗೆ ಎಂಟು ಓಮಿನಷ್ಟು ತಡೆ ಬೇಕು. ನಾಲ್ಕು ಓಮಿನ ಎರಡು ವೂಫರುಗಳನ್ನು ಅಕ್ಕಪಕ್ಕ ಕಟ್ಟಿದರೆ ಲೆಕ್ಕ ಎರಡಕ್ಕೆ ಇಳಿಯುತ್ತದೆ, ಒಂದರ ಹಿಂದೊಂದು ಸರಪಳಿಯಂತೆ ಕಟ್ಟಿದರೆ ಎಂಟಕ್ಕೆ ಏರುತ್ತದೆ. ತಲೆ ಚಚ್ಚಿಕೊಂಡು ಸರಪಳಿ ಕಟ್ಟಿದರು. ಕೆಂಪು ದೀಪ ಆರಿತು.

ಇನ್ನು ಕೇಳುವ ಕುರ್ಚಿ. ಬರುವವನು ನೆಂಟ, ಅವನಿಗೆ ಮೂಲೆ ತೋರಿಸಲಾಗುತ್ತದೆಯೇ? ಉಶ್ ಸಾರ್ ಟೇಪು ಹಿಡಿದು ಅಳೆದು, ನಾಲ್ಕೂ ಗೋಡೆಗೆ ಸಮದೂರದಲ್ಲಿ, ಕೋಣೆಯ ನಟ್ಟನಡುವೆ ಮನೆಯ ಏಕೈಕ ತೋಳುಕುರ್ಚಿಯನ್ನಿಟ್ಟರು. ಯಾರೂ ಸರಿಸಕೂಡದೆಂದು ಅದರ ಕಾಲುಗಳ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಹಾಡು ಹಚ್ಚಿ, ಅದರಲ್ಲಿ ಕೂತು, ಕಣ್ಣು ಮುಚ್ಚಿದರು.

ಹೊಟ್ಟೆ ಇಲ್ಲ. ಮದ್ದಳೆಯನ್ನು ಯಾರೋ ಪಕ್ಕದ ಬೀದಿಯಲ್ಲಿ ಕಂಬಳಿ ಹೊದಿಸಿ ಬಡಿದ ಹಾಗಿತ್ತು.

ಸದ್ದಿಗೆ ಎದುರುಮನೆಯ ಟೈಲರಮ್ಮ ಕತ್ತರಿ ಹಿಡಿದೇ ಬಂದರು. ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತು, ಬೆನ್ನೆಲ್ಲ ಗುಂಯ್ ಅನ್ನುತ್ತಿದೆ ಎಂದು ಹೊಗಳಿದರು. ಪಾಪ, ಒಳ್ಳೆಯ ಹೆಂಗಸು, ನನ್ನ ಮನಸ್ಸು ನೋಯದಿರಲೆಂದು ಹೇಳುತ್ತಿದ್ದಾರೆ ಎಂದುಕೊಂಡರು ಉಶ್ ಸಾರ್. ಟೈಲರಮ್ಮನ ಹಿಂದೆಯೇ ಮೇಲ್ಮನೆಯ ಲೈನ್‌ಮನ್ ಇಳಿದು ಬಂದರು. ಟೆಲಿಫೋನು ಇಲಾಖೆಯಿಂದ ನಿವೃತ್ತರಾದವರು, ತಂತಿ ಕಂಡಲ್ಲಿ ನಿಲ್ಲುವವರು.

"ಸಾರ್, ಆ ಕುರ್ಚಿ..." ಎಂದು ಅವರು ಬಾಯಿ ತೆರೆದರು.

"ಉಶ್," ಅಂದರು ಉಶ್ ಸಾರ್. ಇವರಿಗೆ ಕೂರಲು ಕುರ್ಚಿ ಬೇಕಾಗಿದೆ ಎಂದುಕೊಂಡು ಗೋಡೆ ಬದಿಯ ಸ್ಟೂಲು ತೋರಿಸಿದರು.

ಮಧ್ಯಾಹ್ನದವರೆಗೆ ಅವರು ಮಾಡದ ಪ್ರಯೋಗವಿಲ್ಲ. 'ಅ–ನ' ಡಬ್ಬದ ತಂತಿ ತಿರುಗಿಸಿದರು, ಇದ್ದದ್ದೂ ಹೋಯಿತು. ಮತ್ತೆ ಸರಿಮಾಡಿದರು. ಹಾಸಿಗೆಯ ದಿಂಬುಗಳನ್ನು ಬಿಚ್ಚಿ ಅರಳೆಯನ್ನು 'ಪ–ಳ'ದೊಳಗೆ ತುರುಕಿದರು. ಪ್ರತಿ ಸಲವೂ ಓಡಿ ಬಂದು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚುವುದು, ಪ್ರತಿ ಸಲವೂ ಅದೇ ಕಂಬಳಿ ಹೊದ್ದ ಮದ್ದಳೆ. ಸಿಟ್ಟಿಗೆದ್ದು ಆಂಪ್ಲಿಯ ಸದ್ದು ಏರಿಸಿದಾಗ ಗೋಡೆಯಲ್ಲಿದ್ದ ಮದುವೆಯ ಫೋಟೋ ಮೊಳೆ ಸಮೇತ ಕೆಳಗೆ ಬಿತ್ತು. ಅಡುಗೆಮನೆಯ ಡಬ್ಬಗಳು ಕುಣಿಯುತ್ತಿವೆ ಎಂದು ಹೆಂಡತಿ ಕೂಗಿ ಹೇಳಿದಳು. ಡಬ್ಬಗಳು ಕೇಳಿ ಏನು ಬಂತು, ಕೇಳಬೇಕಾದ್ದು ಕುರ್ಚಿಯಲ್ಲಿರುವವನಿಗೆ ಎಂದು ಇವರು ರೇಗಿದರು. ವೂಫರೇ ಸರಿಯಿಲ್ಲ, ಮರವೇ ಸರಿಯಿಲ್ಲ ಎಂದು ಗೊಣಗಿದರು.

"ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ," ಅಂದಳು ಹೆಂಡತಿ, ಒಡೆದ ಗಾಜು ಗುಡಿಸುತ್ತಾ. ಸ್ಟೂಲಿನ ಮೇಲಿದ್ದ ಲೈನ್‌ಮನ್ ಕೆಮ್ಮಿ, "ನೆಲದ ವಿಷಯ ಹೇಳ್ಬೇಕು ಅಂದ್ರೆ ಸಾರ್..." ಎಂದು ಶುರುಮಾಡಿದರು. ಅವರಿಗೆ ಎರಡನೆಯ ಉಶ್ ಸಿಕ್ಕಿತು.

ಐದಕ್ಕೆ ಸರಿಯಾಗಿ ಷಡ್ಡಕ ಬಂದ. ಉಶ್ ಸಾರ್ ಅವನನ್ನು ಸೀಮೆಸುಣ್ಣದ ಗೆರೆಯೊಳಗಿನ ಕುರ್ಚಿಯಲ್ಲಿ ಕೂರಿಸಿ, ಹಾಡು ಹಚ್ಚಿ, ಕುರ್ಚಿಯ ಹಿಂದೆ ಕೈಕಟ್ಟಿ ನಿಂತರು. ಅವರ ಎದೆ ಮಾತ್ರ ಚೆನ್ನಾಗಿ ಬಡಿದುಕೊಳ್ಳುತ್ತಿತ್ತು. ಗೋಡೆ ಬದಿಯಲ್ಲಿ ಟೈಲರಮ್ಮ, ಲೈನ್‌ಮನ್, ಹೆಂಡತಿ ಮೂವರೂ ತಲೆದೂಗುತ್ತಿದ್ದರು. ಷಡ್ಡಕ ಅರ್ಧ ಹಾಡಿನವರೆಗೆ ಕಣ್ಣು ಮುಚ್ಚಿ ಕೂತಿದ್ದ. ಆಮೇಲೆ ಕಣ್ಣು ಬಿಟ್ಟ.

"ಬೇಸ್ ಯಾವಾಗ ಶುರು ಮಾಡ್ತೀರ ಅಣ್ಣ?"

"ಶುರುವಾಗಿದೆ," ಅಂದರು ಉಶ್ ಸಾರ್.

ಷಡ್ಡಕ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಎದ್ದು ಹೆಗಲ ಮೇಲೆ ಕೈಯಿಟ್ಟು, ಇರಲಿ ಬಿಡಿ ಅಣ್ಣ, ಇದೆಲ್ಲ ಎಲ್ಲರಿಗೂ ಒಲಿಯೋದಲ್ಲ ಅಂದ. ಲೈನ್‌ಮನ್ ಎದ್ದು, "ಸಾರ್, ಆ ಕುರ್ಚೀನ ಒಂಚೂರು..." ಅನ್ನುವಷ್ಟರಲ್ಲಿ ಆ ದಿನದ ಮೂರನೆಯ ಉಶ್ ಹೊರಬಿತ್ತು. ಈ ಸಲದ್ದರಲ್ಲಿ ಅಳುವೂ ಬೆರೆತಿತ್ತು.

ಹೆಂಡತಿ ಮೂಲೆಯ ಕಡೆ ನೋಡಿದಳು, ಅಷ್ಟೆ. ಮಾತು ಮಾತೇ. ಎಲ್ಲವನ್ನೂ ಆಚೆ ಹಾಕುತ್ತೇನೆಂದು ಉಶ್ ಸಾರ್ ತಂತಿ ಕೀಳತೊಡಗಿದಾಗ ಲೈನ್‌ಮನ್ ಮೆಲ್ಲಗೆ, ಆಚೆ ಹಾಕೋದೇ ಆದರೆ ನನಗೆ ಕೊಡಿ, ನೀವು ಹಾಕಿದ ದುಡ್ಡು ಕೊಡ್ತೀನಿ ಅಂದರು. ಹಾಳು ಸಾಮಾನನ್ನು ಆ ಮುದುಕರ ತಲೆಗೆ ಕಟ್ಟುವುದಕ್ಕೆ ಉಶ್ ಸಾರ್‌ಗೆ ಸಂಕೋಚವಾಯಿತು. ಹೆಂಡತಿಗೆ ಆಗಲಿಲ್ಲ, ದುಡ್ಡು ಎಣಿಸಿಕೊಂಡಳು. ಡಬ್ಬಗಳನ್ನು ಮೇಲಕ್ಕೆ ಸಾಗಿಸಲು ಷಡ್ಡಕನೇ ಒಂದು ಕಡೆ ಹಿಡಿದ.

ಏಳು ಗಂಟೆಗೆ ಖಾಲಿ ಮೂಲೆಯಲ್ಲಿ ಹೆಂಡತಿ ಅದೇ ಟೇಪು ಹಿಡಿದು ಕಪಾಟಿಗೆ ಜಾಗ ಅಳೆಯುತ್ತಿದ್ದಳು. ಆಗ ಮೇಲಿನಿಂದ ಗುಡುಗಿತು. ಕಿಟಕಿಯ ಸರಳು ಝುಂ ಎಂದಿತು, ನೀರಿನ ಲೋಟದಲ್ಲಿ ಬಳೆಯಾಕಾರದ ಅಲೆ ಎದ್ದಿತು.

"ಹೋಗಿ ಸದ್ದು ಕಮ್ಮಿ ಮಾಡೋಕೆ ಹೇಳಿ ರೀ. ನಿಮಗಂತೂ ಆ ಕೆಲಸ ಗೊತ್ತು."

ಉಶ್ ಸಾರ್ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದರು. ಲೈನ್‌ಮನ್ನರ ಕೋಣೆಯೂ ಇವರದರಷ್ಟೇ, ಇವರದರ ಮೇಲೇ ಕಟ್ಟಿದ್ದು. 'ಅ–ನ', 'ಪ–ಳ' ಅದೇ ಮೂಲೆಯಲ್ಲಿ ಅದೇ ಸರಪಳಿಯಲ್ಲಿದ್ದವು. ಕುರ್ಚಿಯೊಂದೇ ಬೇರೆ ಕಡೆ, ಗೋಡೆಗೆ ಆನಿಸಿತ್ತು. ಲೈನ್‌ಮನ್ ಅದರಲ್ಲಿ ಕೂರಿಸಿದಾಗ ಉಶ್ ಸಾರ್ ಅವರ ಪಕ್ಕೆಲುಬು, ಹಲ್ಲು, ಕನ್ನಡಕ ಎಲ್ಲವೂ ಒಟ್ಟಿಗೆ ನಡುಗಿದವು. ಇದು ಷಡ್ಡಕನ ಮನೆಯದಕ್ಕಿಂತ ಒಂದು ಕೈ ಮೇಲಿತ್ತು. ಪಕ್ಕದ ಮೇಜಿನ ಮೇಲೆ ಪುಸ್ತಕವೊಂದು ತೆರೆದಿತ್ತು. ಪರಿಚಯದ ಪುಸ್ತಕ, ಪರಿಚಯವಿಲ್ಲದ ಪುಟ. ಹತ್ತನೆಯ ಅಧ್ಯಾಯ, 'ಕುರ್ಚಿ ಎಲ್ಲಿರಬೇಕು'. ಕೋಣೆಯ ನಟ್ಟನಡುವೆ ಮಾತ್ರ ಬೇಡ, ಅಲ್ಲಿ ಬೇಸ್ ಸತ್ತುಹೋಗುತ್ತದೆ ಎಂದು ಮೊದಲ ಸಾಲಿನಲ್ಲೇ ಇತ್ತು.

"ನಿಮ್ಮ ಕೈಲಿ ನೋಡಿ ಆಸೆ ಆಯ್ತು ಸಾರ್, ಚೀಟಿ ಹಾಕ್ದೆ. ನಿನ್ನೆ ಸಂಜೆ ನೀವು ಮನೆಗೆ ಹೊರಟ ಮೇಲೆ ಹೋಗಿ ತಂದೆ. ನಂಗೆ ಪುಸ್ತಕಾನ ಹಿಂದಿಂದ ಓದೋ ಅಭ್ಯಾಸ. ಬೆಳಗ್ಗಿಂದ ಮೂರು ಸಲ ಹೇಳೋಕೆ ಬಂದೆ, ನೀವು ಉಶ್ ಅಂದ್ರಿ." ಲೈನ್‌ಮನ್ ಸಂಕೋಚದಿಂದ ಕೈ ಹೊಸೆದರು. "ಇನ್ನೂ ಒಂಬತ್ತು ಅಧ್ಯಾಯ ಇದೆ. ಅವಧಿ ಮುಗಿದ್ಮೇಲೆ ಇನ್ನೊಂದು ಸಲ ಇಟ್ಕೋಬಹುದಾ?"

"ಯಾರೂ ಕಾಯ್ದಿರಿಸದಿದ್ರೆ ಇಟ್ಕೋಬಹುದು," ಅಂದರು ಉಶ್ ಸಾರ್. ನಿಯಮ ನಿಯಮವೇ.

ಕೆಳಗಿಳಿದು ಬಂದು, ಸೀಮೆಸುಣ್ಣದ ಗೆರೆಯಿಂದ ಕುರ್ಚಿಯನ್ನು ಎಳೆದು ಗೋಡೆಗೆ ತಾಗಿಸಿ ಕೂತರು. ಛಾವಣಿಯಿಂದ ಗೋಡೆಗೆ, ಗೋಡೆಯಿಂದ ಬೆನ್ನಿಗೆ ಗುಡುಗು ಇಳಿದು ಬರುತ್ತಿತ್ತು. ಹೊಟ್ಟೆ ತುಂಬಾ ಇತ್ತು. ಹಾಡು ಮಾತ್ರ ಮೇಲೆಯೇ ಉಳಿದಿತ್ತು.

ಸದ್ದು ಕಮ್ಮಿ ಮಾಡೋಕೆ ಹೇಳಿದ್ರಾ ಎಂದು ಹೆಂಡತಿ ಕೇಳಿದಳು.

"ಉಶ್," ಅಂದರು ಉಶ್ ಸಾರ್.