ಆಡಿಟರಿಗೆ ಬೇಕಾದ ಒಂದು ಸಹಿ

ಅಶ್ವತ್ಥನಾರಾಯಣ: ಅಲ್ಲಾ ಬಸಲಿಂಗಪ್ಪನೋರೇ, ನನ್ನ ಮೇಲೆ ದೂರು ಕೊಡೋಕೆ ನನ್ನ ಹತ್ರಾನೇ ಸಹಿ ಕೇಳ್ತೀರಲ್ರೀ!

ಬಸಲಿಂಗಪ್ಪ: ರೂಲು ಮಾಡಿದೋರು ನೀವು ಸರ್. ನಾ ಪಾಲಿಸಾಕ ಬಂದೀನಿ. ಇಲ್ಲೊಂದು ಸಹಿ, ಕೆಳಗ ತಾರೀಕು.

ಆ ರೂಲು ಹುಟ್ಟಿದ್ದು ಹೀಗೆ. ಸಿಂಗಪುರದ ಸೆಲೆಟಾರಿನಲ್ಲಿ ವಿಮಾನ ರಿಪೇರಿಯ ಎಂಜಿನಿಯರಾದ ಅಶ್ವತ್ಥನಾರಾಯಣರು ಆಂಗ್ ಮೋ ಕಿಯೋದ ಕನ್ನಡ ಕೂಟಕ್ಕೆ ಅಧ್ಯಕ್ಷರು. ಬಸಲಿಂಗಪ್ಪ ಅದರ ಆಡಿಟರು. ಹಿಂದೆ ಧಾರವಾಡದಲ್ಲಿ ಸರ್ಕಾರಿ ಲೆಕ್ಕ ನೋಡಿ ಪಳಗಿದ ಕಣ್ಣು. ಆ ಕಣ್ಣಿಗೆ ಹೆದರಿಯೇ ಅಧ್ಯಕ್ಷರು 2007ರ ಅಕ್ಟೋಬರಿನಲ್ಲಿ ಫ್ಲಾಟುಗಳ ಕೆಳಗಿನ ತೆರೆದ ಜಾಗವಾದ ವಾಯ್ಡ್ ಡೆಕ್ಕಿನಲ್ಲಿ ಸಭೆ ಕರೆದು, ಬಿಸಿಬೇಳೆಬಾತಿನ ಮುಚ್ಚಳ ತೆಗೆಯುವ ಮುನ್ನ ಒಂದು ತಿದ್ದುಪಡಿಗೆ ಕೈ ಎತ್ತಿಸಿಬಿಟ್ಟರು: ಆಡಿಟರು ಆಕ್ಷೇಪಣೆ ಬರೆಯಬಹುದು, ಆದರೆ ಅದನ್ನು ದೂರಿನ ರೂಪದಲ್ಲಿ ಮಹಾಸಭೆಗೆ ಒಯ್ಯಲು ಖರ್ಚು ಮಾಡಿದವರ ಒಪ್ಪಿಗೆ ಬೇಕು. ಬರುವ ಭಾನುವಾರವೇ ಮಹಾಸಭೆ. ಅಧ್ಯಕ್ಷರ ಚುನಾವಣೆಯೂ ಅವತ್ತೇ.

ಅಶ್ವತ್ಥನಾರಾಯಣ: ಸರ್ಕಾರದ ಆಡಿಟರ್‌ಗೂ ಅಷ್ಟೇ ಕಣ್ರೀ. ಬರೆಯೋದು ಅವನು. ಕೇಸು ಹಾಕೋ ಅಧಿಕಾರ ಶಾಸಕರು ಕೊಟ್ರೆ ಮಾತ್ರ.

ಬಸಲಿಂಗಪ್ಪ: ಖರೇ. ಆದ್ರ ಅಲ್ಲಿ ಕಳ್ಳನ ಸಹಿ ಕೇಳಾಂಗಿಲ್ಲ.

ಅಶ್ವತ್ಥನಾರಾಯಣ: ಕಳ್ಳ ಅಂದ್ರಾ?

ಬಸಲಿಂಗಪ್ಪ: ಉದಾಹರಣೆಗೆ ಅಂದೆ. ನಿಮ್ದು ಬರೇ ಟ್ಯಾಕ್ಸಿ.

ಅಶ್ವತ್ಥನಾರಾಯಣ: ಹಬ್ಬಕ್ಕೆ ತಂದ ಎರಡಡಿ ಗಣಪತೀನ ಎಂಆರ್‌ಟಿ ರೈಲಲ್ಲಿ ನಿಲ್ಲಿಸ್ಕೊಂಡು ಬರ್ಬೇಕಿತ್ತಾ?

ಬಸಲಿಂಗಪ್ಪ: ಗಣಪ್ಪ ಕುಂತು ಬಂದಿದ್ದಕ್ಕ ತಕರಾರಿಲ್ಲ. ಬೂನ್ ಲೇಯಿಂದ ಇಲ್ಲೀತನಕ ಅರ್ಧ ತಾಸಿನ ದಾರಿ, ನೂರು ನಿಮಿಷ ಯಾಕ ಕುಂತ? ಮೂವತ್ತೈದು ಡಾಲರ್!

ಅಶ್ವತ್ಥನಾರಾಯಣ: ಟ್ರಾಫಿಕ್ ರೀ! ಸಹಿ ಹಾಕಲ್ಲ, ಮುಗೀತು. ಕಾಫಿ ಕುಡೀರಿ.

ಅಧ್ಯಕ್ಷರು ಗೆದ್ದವರಂತೆ ಕಾಲು ಚಾಚಿ ಕೂತರು. ಹೆಂಡತಿ ಶಾಮಲಾ ಕಾಫಿ ತಂದರು.

ಶಾಮಲಾ: ಏನದು ಜಗಳ?

ಬಸಲಿಂಗಪ್ಪ: ಹೇಳಾಕ ಅಧಿಕಾರ ಇಲ್ಲ ಅಕ್ಕಾರ. ಬರೆದಿಡಬಹುದು, ಅಷ್ಟ.

ಅಷ್ಟೇ ಮಾಡಿದರು. ಆಕ್ಷೇಪಣೆಯ ಹಾಳೆಯನ್ನು ರಸೀದಿಯ ಸಮೇತ ಕಾಫಿ ತಟ್ಟೆಯಲ್ಲಿಟ್ಟರು. ಅಶ್ವತ್ಥನಾರಾಯಣರು ಚಾಚಿದ್ದ ಕಾಲನ್ನು ಎಳೆದುಕೊಂಡರು. ವಿಮಾನದ ಒಂದು ಸ್ಕ್ರೂ ಬಿಚ್ಚಿದರೂ ಕಾಗದ ಲಗತ್ತಿಸುವ ಕೈ ಅದು. ಗಣಪತಿ ತಂದ ದಿನ ಜೇಬಿನಲ್ಲಿ ಸಿಕ್ಕಿದ್ದನ್ನೆಲ್ಲ ಟ್ಯಾಕ್ಸಿ ರಸೀದಿಗೆ ಸೇರಿಸಿ ಪಿನ್ ಹೊಡೆದಿತ್ತು.

ಶಾಮಲಾ: ಟ್ಯಾಕ್ಸಿ, ನೂರು ನಿಮಿಷ... ಇದರ ಹಿಂದೇನಿದು? ಬೂನ್ ಲೇ ಮಾಲಿನ ಹೋಟ್ಲು ಬಿಲ್ಲು. ಈರುಳ್ಳಿ ಪರಾಟಾ ಎರಡು, ತೇ ತಾರಿಕ್ ಚಹಾ ಒಂದು. ರೀ, ಇದು ಗಣೇಶನ ಹಬ್ಬದ ದಿನದ್ದು!

ಅಶ್ವತ್ಥನಾರಾಯಣ: ಅದು... ಡ್ರೈವರ್‌ಗೆ...

ಶಾಮಲಾ: ಇಲ್ಲಿ ನಲವತ್ತು ಜನ ಉಪವಾಸ, ನಾನು ತೊಟ್ಟು ನೀರು ಕುಡಿದಿಲ್ಲ. ಗಣಪತಿ ಟ್ಯಾಕ್ಸೀಲಿ ಕೂತು ಮೀಟರ್ ನೋಡ್ತಿದ್ದ, ನೀವು ಒಳಗೆ ಈರುಳ್ಳಿ ತಿಂತಿದ್ರಿ! "ಹಸಿವಿಗೆ ಕಣ್ಣು ಕತ್ತಲೆ ಬರ್ತಿದೆ ಶಾಮೂ" ಅಂತ ಫೋನ್ ಮಾಡಿದ್ದು ಯಾವ ಬಾಯಲ್ಲಿ?

ಅಶ್ವತ್ಥನಾರಾಯಣ: ಪೆನ್ನು ಕೊಡ್ರೀ ಬಸಲಿಂಗಪ್ಪನೋರೇ! ಎಲ್ಲಿ ಹಾಕ್ಬೇಕು? ಇಲ್ಲೇನಾ? ಇಲ್ಲೂ?

ಬಸಲಿಂಗಪ್ಪ: ಒಂದು ಸಾಕ್ರಿ ಸರ್, ಮೂರು ಹಾಕೀರಿ.

ಅಶ್ವತ್ಥನಾರಾಯಣ: ನೋಡು ಶಾಮೂ, ವಿಷಯ ಈಗ ಮಹಾಸಭೆ ಮುಂದಿದೆ. ಅಲ್ಲೀತನಕ ಯಾರೂ ಮಾತಾಡೋ ಹಾಗಿಲ್ಲ.

ಶಾಮಲಾ: ನಿಮ್ಮ ರೂಲಿಗೆ ನಾನು ಕೈ ಎತ್ತಿಲ್ಲ. ಸೌಟು ಹಿಡ್ಕೊಂಡಿದ್ದೆ. ಕೂತ್ಕೊಳ್ಳಿ.

ಬಸಲಿಂಗಪ್ಪ ಒಂದೇ ಗುಟುಕಿಗೆ ಕಾಫಿ ಮುಗಿಸಿ, ಬಾಗಿಲಲ್ಲಿ ಚಪ್ಪಲಿ ಮೆಟ್ಟಿದರು.

ಅಶ್ವತ್ಥನಾರಾಯಣ: ಎಲ್ಲಿಗ್ರೀ? ನೀವೂ ಇರ್ರೀ!

ಬಸಲಿಂಗಪ್ಪ: ಈ ಕೋರ್ಟಿನಾಗ ನನಗ ಅಧಿಕಾರ ಇಲ್ಲ ಸರ್. ನೀವು ಜೀವಂತ ಉಳಿದ್ರ, ಭಾನುವಾರ ಮ್ಯಾಲ್ಮನವಿ ತಗೊಂಡು ಬರ್ರಿ.