ಹನ್ನೆರಡನೆಯ ಡಬ್ಬಿ

ಹಿಂಡುವ ಎಮ್ಮೆ ಮಾರಿದ ಗಂಡನನ್ನು ಶೆಟ್ಟೆವ್ವ ಅವನು ಸತ್ತ ಮೇಲೂ ಕ್ಷಮಿಸಿರಲಿಲ್ಲ. ಎಮ್ಮೆ ಕೊಟ್ಟು ಶಿದ್ಲಿಂಗಪ್ಪ ಕೊಂಡದ್ದೇನು? ಬಿಟ್‌ಕಾಯಿನ್. (ಕೈಗೆ ಸಿಗದು, ಕಣ್ಣಿಗೆ ಕಾಣದು, ಸೆಗಣಿಯನ್ನೂ ಹಾಕದು.) ಎಲ್ಲ ಮೊಬೈಲಿನಲ್ಲಿದೆ ಎಂದಿದ್ದ. ಅವನು ಹೋದ ಎರಡೇ ತಿಂಗಳಿಗೆ ಮೊಬೈಲೂ ಸತ್ತಿತು.

ವರ್ಷದ ಮೇಲೆ, ಗೋಕಾಕದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಭಾವನ ಮಗ ಗಜಾನನ ಕುಲಗೋಡಕ್ಕೆ ಬಂದ.

"ಕಾಕಿ, ಮೊಬೈಲ್ ಹೋದ್ರ ಹೋಗ್ಲಿ. ಬಿಟ್‌ಕಾಯಿನ್‌ಗೆ ಕೀಲಿ ಇದ್ದಂಗ ಹನ್ನೆರಡು ಇಂಗ್ಲಿಷ್ ಶಬ್ದ ಇರ್ತಾವ. ಸರತಿ ಪ್ರಕಾರ ಹೊಸ ಮೊಬೈಲ್‌ನ್ಯಾಗ ಹಾಕಿದ್ರ ರೊಕ್ಕ ಸಿಗತೈತಿ. ಹಾಳ್ಯಾಗ ಬರದ್ರ ಹೊಳಿ ಬಂದಾಗ ತೊಯ್ತೈತಿ ಅಂತ ಕಾಕಾ ಡಬ್ಬಿ ತಳಕ್ಕ ಹಾಕಿಸ್ಯಾನ, ನನಗ ಹೇಳಿದ್ದ."

ಶೆಟ್ಟೆವ್ವನ ಮೈ ಉರಿಯಿತು. ಆ ಡಬ್ಬಿಗಳು! ಒಂದರೊಳಗೊಂದು ಕೂರುವ ಹನ್ನೆರಡು ಸ್ಟೀಲ್ ಡಬ್ಬಿ. ಪಾತ್ರೆಗೆ ಹೆಸರು ಹಾಕುವವನು ಓಣಿಗೆ ಬಂದಾಗ ಊರ ಗಂಡಸರೆಲ್ಲ ಹೆಂಡತಿಯ ಹೆಸರು ಹಾಕಿಸಿದರೆ, ಈ ಮಹಾಶಯ ಒಂದೊಂದಕ್ಕೆ ಒಂದೊಂದು ಇಂಗ್ಲಿಷ್ ಶಬ್ದ ಕೊರೆಸಿದ್ದ.

"ನನ್ನ ಹೆಸರಿಗೆ ಜಾಗಾ ಇರ್ಲಿಲ್ಲೇನ?" ಎಂದು ಗೋಡೆಯ ಮೇಲಿನ ಫೋಟೋವನ್ನು ಕೇಳಿದಳು. ಫೋಟೋ ನಗುತ್ತಲೇ ಇತ್ತು. (ಬದುಕಿದ್ದಾಗಲೂ ಅಷ್ಟೇ.)

ಹಿಟ್ಟು, ಬೇಳೆ, ಬೆಲ್ಲ ಎಲ್ಲ ಸುರಿದು ಡಬ್ಬಿಗಳನ್ನು ಬೋರಲು ಹಾಕಿದರು. ದೊಡ್ಡದರಿಂದ ಸಣ್ಣದಕ್ಕೆ ಸರತಿ. ಗಜಾನನ ಹನ್ನೊಂದು ಶಬ್ದ ಬರೆದುಕೊಂಡ. ಎಲ್ಲಕ್ಕಿಂತ ಸಣ್ಣ ಡಬ್ಬಿಯೇ ಇಲ್ಲ.

"ದುಂಡವ್ವ!" ಶೆಟ್ಟೆವ್ವ ಬಾಜೂ ಮನೆಗೆ ನುಗ್ಗಿದಳು. "ಉಪ್ಪಿನಕಾಯಿ ಕೊಟ್ಟ ಡಬ್ಬಿ ನುಂಗಿ ಕುಂತೀಯಲ್ಲ, ನನ್ನ ಎಮ್ಮಿ ಐತಿ ಅದರಾಗ, ತಗಿ!"

"ಎಮ್ಮಿ? ಅಂಗೈಯಷ್ಟ ಡಬ್ಬ್ಯಾಗ?" ದುಂಡವ್ವ ಡಬ್ಬಿ ತಂದು ಕುಕ್ಕಿದಳು. "ಉಪ್ಪಿನಕಾಯಂತ! ಬರೇ ಉಪ್ಪ ಇತ್ತು."

ಹಿಂದೆಯೇ ಬಂದ ಗಜಾನನ ಡಬ್ಬಿ ತಿರುಗಿಸಿದ. ಇಂಗ್ಲಿಷ್ ಇಲ್ಲ. ಕನ್ನಡದಲ್ಲಿ ದಪ್ಪಗೆ, 'ಶೆಟ್ಟೆವ್ವ'.

"ಬದಲಿ ಮಾಡ್ಯಾಳ, ಕಳ್ಳಿ!"

"ನಾನs? ನಿನ್ನ ಗಂಡ ತೀರಿ ತಿಂಗಳಾಗಿರ್ಲಿಲ್ಲ, ಹೆಸರ ಹಾಕಾಂವನ್ನ ನನ್ನ ಕಟ್ಟೀಮ್ಯಾಲ ಕುಂಡ್ರಿಸಿ, 'ಈ ಸೊಟ್ಟ ಅಕ್ಷರ ತಿಕ್ಕಿ ತಗದು ನನ್ನ ಹೆಸರ ಹಾಕು, ದುಂಡವ್ವನ ಮನೀಗಿ ಹೋದ ಡಬ್ಬಿ ತಿರುಗಿ ಬರಂಗಿಲ್ಲ' ಅಂದಾಕಿ ಯಾರು? ಅವಂಗ ಚಾ ಮಾಡಿ ಕೊಟ್ಟಾಕಿ ನಾನು!"

ಶೆಟ್ಟೆವ್ವನಿಗೆ ನೆನಪಾಯಿತು. ಚಹಾ ಕೂಡ ನೆನಪಾಯಿತು. ಆ ತಿಂಗಳು ಸಿಟ್ಟು ತೀರಿಸಿಕೊಳ್ಳಲು ಅವನಿರಲಿಲ್ಲ, ಡಬ್ಬಿ ಇತ್ತು.

"ಗಜಾನನ, ಹನ್ನೆರಡನೇದಕ್ಕ ನನ್ನ ಹೆಸರs ಹಾಕಿ ನೋಡು."

"ಅದು ತಗೊಳ್ಳಂಗಿಲ್ಲ ಕಾಕಿ. ಅದಕ್ಕೊಂದ ಪಟ್ಟಿ ಐತಿ, ಎರಡು ಸಾವಿರದ ನಲವತ್ತೆಂಟು ಶಬ್ದ. ಇನ್ನ ಒಂದೊಂದs ಹಾಕಿ ನೋಡಬೇಕು."

"ಎರಡು ಸಾವಿರದಾಗ ಹೇಂತಿ ಹೆಸರ ಇಲ್ಲ?" ಅವಳು ದುಂಡವ್ವನತ್ತ ತಿರುಗಿದಳು. "ಇಂಥಾದ್ರಾಗ ರೊಕ್ಕ ಇಟ್ಟಾನ ನೋಡs ದುಂಡವ್ವ, ಆ ಮನಷ್ಯಾ!"

ಗಜಾನನ ಕಟ್ಟೆಯ ಮೇಲೆ ಕುಳಿತು ಮೊಬೈಲಿನಲ್ಲಿ ಪಟ್ಟಿಯ ಮೊದಲನೆಯ ಶಬ್ದ ಒತ್ತಿದ. ದುಂಡವ್ವ ಮೆಲ್ಲಗೆ ಡಬ್ಬಿಗೆ ಕೈ ಹಾಕಿದಳು.

"ಹಂಗಾರ ಇದೇನ ಉಪಯೋಗಿಲ್ಲ. ನನ್ನ ಕಡೇನ ಇರ್ಲಿ?"

"ಇಡು ಕೆಳಗ! ಕಣ್ಣ ಕಾಣಂಗಿಲ್ಲೇನ? ನನ್ನ ಹೆಸರ ಐತಿ!"